ಇಳಿವಯಸ್ಸಿನಲ್ಲಿ ವಾಹನ ಚಾಲನೆ: ಅರ್ಹತೆಯ ಅಳತೆಗೋಲು ಯಾವುದು?

ವಾಹನ ಚಲಾಯಿಸಲು ಕನಿಷ್ಠ ಎಷ್ಟು ವಯಸ್ಸಾಗಿರಬೇಕು ಎಂಬುದನ್ನು ಭಾರತದ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಎಷ್ಟು ವಯಸ್ಸಿನವರೆಗೆ ಚಲಾಯಿಸಬಹುದು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಖಾಸಗಿ ಕಾರು ಅಥವಾ ದ್ವಿಚಕ್ರ ವಾಹನದ ಚಾಲನಾ ಪರವಾನಗಿಗೆ ಗರಿಷ್ಠ ವಯೋಮಿತಿ ನಿಗದಿಯಾಗಿಲ್ಲ. ವೈದ್ಯಕೀಯ ಪ್ರಮಾಣಪತ್ರ ಒದಗಿಸಿದರೆ 80 ವರ್ಷ ದಾಟಿದವರೂ ಪರವಾನಗಿಯನ್ನು ನವೀಕರಿಸಿಕೊಳ್ಳಬಹುದು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ಮೇಲ್ಪಟ್ಟವರ ಸಂಖ್ಯೆ ಸುಮಾರು 10.38 ಕೋಟಿ. ಒಟ್ಟು ಜನಸಂಖ್ಯೆಯಲ್ಲಿ ಇದು ಶೇ 8.6. ಕರ್ನಾಟಕದಲ್ಲಿ ಈ ಪ್ರಮಾಣ ಶೇ 9.5ರಷ್ಟಿತ್ತು. 1980 ಮತ್ತು 90ರ ದಶಕಗಳಲ್ಲಿ ಮೊದಲ ಸ್ಕೂಟರ್, ಮೊದಲ ಕಾರು ಕೊಂಡ ನಗರವಾಸಿ ಮಧ್ಯಮ ವರ್ಗದ ತಲೆಮಾರು ಈಗ 70ರ ಆಸುಪಾಸಿನಲ್ಲಿದೆ. ಮಕ್ಕಳು ದೂರದ ಊರು ಅಥವಾ ಹೊರದೇಶಗಳಲ್ಲಿ ನೆಲೆಸಿರುವ ಮನೆಗಳಲ್ಲಿ ಬ್ಯಾಂಕು, ಆಸ್ಪತ್ರೆ, ಔಷಧದ ಅಂಗಡಿ, ದೇವಸ್ಥಾನಗಳಿಗೆ ಹೋಗಿಬರಲು ಆ ವಾಹನವೇ ಆಧಾರ. ಕೀಲಿಕೈ ಕಿತ್ತುಕೊಂಡರೆ ಹಿರಿಯರ ಸ್ವಾವಲಂಬನೆಗೆ ಪೆಟ್ಟು ಬೀಳುತ್ತದೆ. ಕಂಡೂ ಕಾಣದಂತೆ ಸುಮ್ಮನಿದ್ದರೆ ಅವರ ಪ್ರಾಣಕ್ಕೂ ರಸ್ತೆಯಲ್ಲಿರುವ ಇತರರ ಪ್ರಾಣಕ್ಕೂ ಸಂಚಕಾರ.

ಜಪಾನ್, ಡೆನ್ಮಾರ್ಕ್, ಆಸ್ಟ್ರೇಲಿಯಾ, ಅಮೆರಿಕ ಮೊದಲಾದ ದೇಶಗಳು ಈ ಇಕ್ಕಟ್ಟಿಗೆ ದಶಕಗಳಿಂದ ಪರಿಹಾರ ಹುಡುಕುತ್ತಿವೆ. ಅವುಗಳ ಅನುಭವದಿಂದ ಎರಡು ಸಂಗತಿಗಳು ಹೊರಬಿದ್ದಿವೆ. ವಯಸ್ಸೊಂದನ್ನೇ ಗಡಿಯಾಗಿಟ್ಟು ಎಲ್ಲರನ್ನೂ ತಪಾಸಣೆಗೆ ಒಳಪಡಿಸಿದ ಮಾತ್ರಕ್ಕೆ ರಸ್ತೆ ನಿರೀಕ್ಷಿಸಿದಷ್ಟು ಸುರಕ್ಷಿತವಾಗುವುದಿಲ್ಲ. ತಪಾಸಣೆಯಿಂದ ಕಾರು ಅಪಘಾತ ತಗ್ಗಿದ ಕಡೆಯಲ್ಲಿಯೂ, ಚಾಲನೆ ಬಿಟ್ಟವರ ಓಡಾಟಕ್ಕೆ ತಕ್ಕ ವ್ಯವಸ್ಥೆ ಇಲ್ಲದಿದ್ದರೆ ಅಪಾಯವು ಕಾರಿನಿಂದ ಕಾಲ್ನಡಿಗೆಗೆ ವರ್ಗವಾಗುತ್ತದೆ.

ವಯಸ್ಸಿನೊಂದಿಗೆ ಬದಲಾಗುವುದೇನು?

ಚಾಲನೆಗೆ ಬೇಕಾದ ಮಾಹಿತಿಯ ಬಹುಪಾಲು ಕಣ್ಣಿನ ಮೂಲಕವೇ ಬರುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. 20 ವರ್ಷದವರ ಅಕ್ಷಿಪಟಲವನ್ನು ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ 60 ವರ್ಷದವರ ಅಕ್ಷಿಪಟಲವನ್ನು ತಲುಪುತ್ತದೆ. ಎದುರಿನ ವಾಹನದ ಹೆಡ್‌ಲೈಟ್ ಕಣ್ಣು ಕುಕ್ಕಿದ ನಂತರ ದೃಷ್ಟಿ ಸಹಜ ಸ್ಥಿತಿಗೆ ಮರಳಲು ಹೆಚ್ಚು ಸಮಯ ಹಿಡಿಯುತ್ತದೆ. ಕಣ್ಣಿನ ಪೊರೆ ಈ ತೊಂದರೆಯನ್ನು ಇಮ್ಮಡಿಸುತ್ತದೆ. ಗ್ಲಾಕೋಮಾ ಪಾರ್ಶ್ವದೃಷ್ಟಿಯನ್ನು ಕದಿಯುತ್ತದೆ. ಪಾರ್ಶ್ವದೃಷ್ಟಿ ನಿಧಾನವಾಗಿ ನಶಿಸುವುದರಿಂದ ರೋಗಿಗೆ ಬಹುಕಾಲ ಅದರ ಅರಿವೇ ಆಗುವುದಿಲ್ಲ.

ಎರಡನೆಯದು ದೇಹದ ಚಲನೆ. ಕತ್ತು ಪೂರ್ತಿ ತಿರುಗದಿದ್ದರೆ ಅಡ್ಡರಸ್ತೆಯಿಂದ ಬರುವ ವಾಹನ ಕಾಣುವುದಿಲ್ಲ. ಮಂಡಿನೋವು, ಪಾದದ ಸ್ಪರ್ಶಜ್ಞಾನ ಕುಂದಿಸುವ ದೀರ್ಘಕಾಲದ ಮಧುಮೇಹ ಮೊದಲಾದವು ಬ್ರೇಕ್ ಮತ್ತು ಆಕ್ಸಿಲರೇಟರ್ ನಡುವೆ ಕಾಲಾಡಿಸುವ ಚುರುಕನ್ನು ತಗ್ಗಿಸುತ್ತವೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಗಮನ ಮತ್ತು ನಿರ್ಧಾರಶಕ್ತಿ. ಕೂಡುರಸ್ತೆಯಲ್ಲಿ ಸಿಗ್ನಲ್, ಪಾದಚಾರಿ, ಹಿಂದಿನಿಂದ ನುಗ್ಗುವ ಬೈಕು, ಎದುರಿನ ಬಸ್ಸು ಎಲ್ಲವನ್ನೂ ಏಕಕಾಲಕ್ಕೆ ಗಮನಿಸಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಪ್ರತಿಕ್ರಿಯೆ ಅರ್ಧ ಸೆಕೆಂಡ್ ತಡವಾದರೆ ಬ್ರೇಕ್ ಒತ್ತುವಷ್ಟರಲ್ಲಿ ವಾಹನ 8 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ.

ಇವುಗಳ ಜೊತೆಗೆ ಔಷಧಗಳ ಪಾತ್ರವೂ ಇದೆ. ನಿದ್ರೆ ಮಾತ್ರೆ, ಆತಂಕ ಶಮನಕ್ಕೆ ನೀಡುವ ಕೆಲವು ಮಾತ್ರೆ, ನೆಗಡಿ ಮತ್ತು ಅಲರ್ಜಿಗೆ ಬಳಸುವ ಹಳೆಯ ಬಗೆಯ ಔಷಧಗಳು ಮಂಪರು ತರುತ್ತವೆ. ಇನ್ಸುಲಿನ್ ಪಡೆಯುವವರಲ್ಲಿ ರಕ್ತದ ಸಕ್ಕರೆ ಅಂಶ ಹಠಾತ್ತನೆ ಕುಸಿದರೆ ಪ್ರಜ್ಞೆಯೇ ತಪ್ಪಬಹುದು.

ಅಂಕಿ ಅಂಶಗಳ ಎರಡು ಮುಖ

ಸಾಗಿದ ದೂರಕ್ಕೆ ಹೋಲಿಸಿ ಲೆಕ್ಕ ಹಾಕಿದರೆ, 70 ವರ್ಷದ ನಂತರ ಮಾರಣಾಂತಿಕ ಅಪಘಾತಗಳ ಪ್ರಮಾಣ ಏರತೊಡಗಿ, 85 ದಾಟಿದವರಲ್ಲಿ ಅತ್ಯಧಿಕ ಮಟ್ಟ ತಲುಪುತ್ತದೆ ಎಂಬುದು ಅಮೆರಿಕದ ಅಂಕಿ ಅಂಶಗಳಿಂದ ತಿಳಿದುಬರುತ್ತದೆ. ಇದನ್ನು ಓದಿದ ಕೂಡಲೇ ವೃದ್ಧ ಚಾಲಕರು ಅಪಾಯಕಾರಿ ಎಂಬ ತೀರ್ಮಾನಕ್ಕೆ ಬರುವುದು ಸುಲಭ.

ಆದರೆ ಈ ಏರಿಕೆಗೆ ಇನ್ನೊಂದು ಕಾರಣವಿದೆ. ತರುಣ ಚಾಲಕ ಮೂಳೆ ಮುರಿದುಕೊಂಡು ಬದುಕುಳಿಯುವಂತಹ ಅಪಘಾತದಲ್ಲಿ ವೃದ್ಧ ಚಾಲಕ ಪ್ರಾಣ ಕಳೆದುಕೊಳ್ಳುತ್ತಾನೆ. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಹಿರಿಯ ಚಾಲಕರ ಹೆಚ್ಚುವರಿ ಸಾವಿನ ಪ್ರಮಾಣದಲ್ಲಿ ಶೇ 60ರಿಂದ 95ರಷ್ಟು ಪಾಲು ದೇಹದ ದುರ್ಬಲತೆಯದ್ದು. ಅಪಘಾತಗಳ ಸಂಖ್ಯೆಯೇ ಹೆಚ್ಚಾಗಿರುವುದರ ಪಾಲು ಅದಕ್ಕಿಂತ ಕಡಿಮೆ. ಹಿರಿಯರು ಕುಡಿದು ಚಲಾಯಿಸುವುದು, ಅತಿವೇಗದಲ್ಲಿ ಓಡಿಸುವುದು ಕಡಿಮೆ. ಹಲವರು ರಾತ್ರಿ ಮತ್ತು ಮಳೆಯಲ್ಲಿ ವಾಹನ ಹೊರತೆಗೆಯುವುದನ್ನು ತಾವಾಗಿಯೇ ಬಿಡುತ್ತಾರೆ. ಅವರು ಎಡವುವುದು ಹೆಚ್ಚಾಗಿ ಕೂಡುರಸ್ತೆಗಳಲ್ಲಿ, ಎದುರಿನಿಂದ ಬರುವ ವಾಹನಗಳನ್ನು ದಾಟಿ ತಿರುವು ತೆಗೆದುಕೊಳ್ಳುವಾಗ. ವೇಗ ಮತ್ತು ಅಂತರವನ್ನು ಒಟ್ಟಿಗೆ ಅಂದಾಜಿಸಬೇಕಾದ ಸಂದರ್ಭವದು.

ಭಾರತದ ಚಿತ್ರ ಬೇರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳು ಸಂಭವಿಸಿ 1,68,491 ಮಂದಿ ಮೃತಪಟ್ಟರು. ಸತ್ತವರಲ್ಲಿ ದ್ವಿಚಕ್ರ ವಾಹನದಲ್ಲಿದ್ದವರು ಶೇ 44.5, ಪಾದಚಾರಿಗಳು ಶೇ 19.5. ಮೃತರಲ್ಲಿ ಮೂರನೇ ಎರಡರಷ್ಟು ಮಂದಿ 18ರಿಂದ 45 ವರ್ಷದೊಳಗಿನವರು. ಹಿರಿಯ ಚಾಲಕರ ತಪಾಸಣೆಯ ವಿಚಾರವನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕಾಗುತ್ತದೆ. ಇಲ್ಲಿನ ಹಿರಿಯರು ರಸ್ತೆಯಲ್ಲಿ ಅಪಾಯ ಒಡ್ಡುವವರಾಗಿರುವಂತೆಯೇ ಅಪಾಯಕ್ಕೆ ಈಡಾಗುವವರೂ ಆಗಿದ್ದಾರೆ.

ನಮ್ಮ ಕಾನೂನಿನಲ್ಲಿ ಏನಿದೆ?

1988ರ ಮೋಟಾರು ವಾಹನ ಕಾಯ್ದೆಯ 14ನೇ ಕಲಮು ಪರವಾನಗಿಯ ಅವಧಿಯನ್ನು ನಿರ್ಧರಿಸುತ್ತದೆ. 2019ರ ತಿದ್ದುಪಡಿಯ ನಂತರ, 30 ವರ್ಷ ತುಂಬದವರಿಗೆ ನೀಡಿದ ಪರವಾನಗಿ ಅವರಿಗೆ 40 ವರ್ಷ ತುಂಬುವವರೆಗೆ ಊರ್ಜಿತವಾಗಿರುತ್ತದೆ. 30ರಿಂದ 50 ವರ್ಷದೊಳಗಿನವರಿಗೆ 10 ವರ್ಷದ ಅವಧಿ. 50ರಿಂದ 55ರೊಳಗೆ ಪಡೆದ ಪರವಾನಗಿ 60 ತುಂಬುವವರೆಗೆ. 55 ದಾಟಿದ ನಂತರ ಪ್ರತಿ 5 ವರ್ಷಕ್ಕೊಮ್ಮೆ ನವೀಕರಣ ಕಡ್ಡಾಯ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಚಾಲನಾ ಪರೀಕ್ಷೆಯನ್ನು ಮತ್ತೆ ಎದುರಿಸಬೇಕಾಗುತ್ತದೆ. ಸಕಾಲದಲ್ಲಿ ಅರ್ಜಿ ಸಲ್ಲಿಸಿದವರಿಗೆ, ವಯಸ್ಸು ಎಷ್ಟೇ ಆಗಿದ್ದರೂ, ರಸ್ತೆ ಪರೀಕ್ಷೆ ಇಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಎರಡು ನಮೂನೆಗಳಿವೆ. ನಮೂನೆ 1 ಅರ್ಜಿದಾರರೇ ಸಹಿ ಹಾಕುವ ಸ್ವಯಂ ಘೋಷಣೆ. ಮೂರ್ಛೆ ಅಥವಾ ಹಠಾತ್ ಪ್ರಜ್ಞಾಹೀನತೆ ಇದೆಯೇ, ಕನ್ನಡಕ ಧರಿಸುವವರಾದರೆ ಅದರ ಸಹಿತ ಹಗಲಿನ ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಬಲ್ಲಿರಾ, ಇರುಳುಗುರುಡು ಇದೆಯೇ, ಹಾರ್ನ್ ಸದ್ದು ಕೇಳಿಸದಷ್ಟು ಕಿವುಡು ಇದೆಯೇ, ಕೈಕಾಲುಗಳ ಚಲನೆಯಲ್ಲಿ ದೋಷವಿದೆಯೇ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಬೇಕು. ನಮೂನೆ 1-ಎ ನೋಂದಾಯಿತ ವೈದ್ಯರು ನೀಡುವ ಪ್ರಮಾಣಪತ್ರ. ಸಾರಿಗೆ ವಾಹನ ಚಾಲಕರು ಮತ್ತು 40 ವರ್ಷ ದಾಟಿದವರು ಇದನ್ನು ಸಲ್ಲಿಸಬೇಕು. ದೂರದೃಷ್ಟಿ, ಶ್ರವಣಶಕ್ತಿ, ಕೈಕಾಲು ಹಾಗೂ ಕೀಲುಗಳ ಸ್ಥಿತಿಯ ಮೇಲೆ ವಿಶೇಷ ಗಮನ ಹರಿಸಿ ತಪಾಸಣೆ ನಡೆಸಿರುವುದಾಗಿ ವೈದ್ಯರು ಅದರಲ್ಲಿ ದೃಢೀಕರಿಸುತ್ತಾರೆ.

ಕಣ್ಣು, ಕಿವಿ, ಕೈಕಾಲು ಎಲ್ಲವೂ ಈ ಪಟ್ಟಿಯಲ್ಲಿವೆ. ನೆನಪು, ಗಮನ, ನಿರ್ಧಾರದ ವೇಗವನ್ನು ಅಳೆಯುವ ಪರೀಕ್ಷೆ ಇಲ್ಲ. 45 ವರ್ಷ ಮೇಲ್ಪಟ್ಟವರ ಕುರಿತ ರಾಷ್ಟ್ರವ್ಯಾಪಿ ಸಮೀಕ್ಷೆಯನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಾ ಎಂದು ಕರೆಯಲಾಗುವ ಮರೆವಿನ ಕಾಯಿಲೆಗೆ ಒಳಗಾಗಿದ್ದಾರೆ. 25 ಮೀಟರ್ ದೂರದ ನಂಬರ್ ಪ್ಲೇಟನ್ನು ಸ್ಪಷ್ಟವಾಗಿ ಓದಬಲ್ಲ ವ್ಯಕ್ತಿ, ಪರಿಚಿತ ವೃತ್ತದಲ್ಲಿ ಯಾವ ಕಡೆಗೆ ತಿರುಗಬೇಕೆಂಬುದನ್ನು ಮರೆತಿರಬಹುದು. ನಮೂನೆಯಲ್ಲಿ ಆತ ಅರ್ಹ.

ಕಾಯ್ದೆಯಲ್ಲಿ ಇನ್ನೊಂದು ಅವಕಾಶವಿದೆ. ರೋಗ ಅಥವಾ ಅಂಗವೈಕಲ್ಯದ ಕಾರಣ ಪರವಾನಗಿದಾರ ಚಾಲನೆಗೆ ಅನರ್ಹನೆಂದು ನಂಬಲು ಸಕಾರಣವಿದ್ದರೆ, 16ನೇ ಕಲಮಿನಡಿ ಪರವಾನಗಿ ಪ್ರಾಧಿಕಾರವು ಯಾವುದೇ ಸಮಯದಲ್ಲಿ ಹೊಸ ವೈದ್ಯಕೀಯ ಪ್ರಮಾಣಪತ್ರ ಕೇಳಬಹುದು ಅಥವಾ ಪರವಾನಗಿ ರದ್ದುಪಡಿಸಬಹುದು. ಇದರ ವಿರುದ್ಧ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು 17ನೇ ಕಲಮು ಅವಕಾಶ ನೀಡುತ್ತದೆ. ಪ್ರಾಧಿಕಾರಕ್ಕೆ ಅಧಿಕಾರವಿದೆ. ಸಕಾರಣವನ್ನು ಅದರ ಗಮನಕ್ಕೆ ತರುವ ಕ್ರಮಬದ್ಧ ತಪಾಸಣೆ ಇಲ್ಲ.

ಕಾಯಿಲೆಯ ಹೆಸರಿಗಿಂತ ಅದರ ತೀವ್ರತೆ ಮುಖ್ಯ ಎಂಬ ತತ್ವವನ್ನು ಭಾರತದ ನಿಯಮಗಳು ಒಂದು ವಿಷಯದಲ್ಲಿ ಈಗಾಗಲೇ ಒಪ್ಪಿವೆ. 2020ರ ಜೂನ್‌ನಲ್ಲಿ ಹೊರಡಿಸಿದ ಅಧಿಸೂಚನೆಯು ಅಲ್ಪ ಹಾಗೂ ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರಿಗೂ ಪರವಾನಗಿ ನೀಡಲು ಅವಕಾಶ ಕಲ್ಪಿಸಿತು. ತೀವ್ರ ವರ್ಣಾಂಧತೆಗೆ ಮಾತ್ರ ನಿರ್ಬಂಧ ಉಳಿಯಿತು.

ತಪಾಸಣೆಯಲ್ಲಿ ಏನೇನಿರುತ್ತದೆ?

ವಿದೇಶಗಳಲ್ಲಿ ರೂಢಿಯಲ್ಲಿರುವ ತಪಾಸಣೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಮೊದಲು ಕಾಯಿಲೆ ಮತ್ತು ಔಷಧಗಳ ವಿವರ, ಇತ್ತೀಚಿನ ಅಪಘಾತ ಅಥವಾ ಬಿದ್ದ ಘಟನೆಗಳ ವಿಚಾರಣೆ. ನಂತರ ಕಣ್ಣಿನ ಪರೀಕ್ಷೆ. ಅಕ್ಷರ ಫಲಕ ಓದಿಸುವುದರ ಜೊತೆಗೆ ಪಾರ್ಶ್ವದೃಷ್ಟಿಯ ವಿಸ್ತಾರವನ್ನೂ ನೋಡಲಾಗುತ್ತದೆ. ಕತ್ತು, ತೋಳು, ಪಾದದ ಚಲನೆಯನ್ನು ಪರಿಶೀಲಿಸಿ, ಹತ್ತು ಅಡಿ ದೂರ ವೇಗವಾಗಿ ನಡೆದು ಹಿಂದಿರುಗಲು ಹಿಡಿಯುವ ಸಮಯವನ್ನು ಅಳೆಯಲಾಗುತ್ತದೆ.

ಮನಸ್ಸಿನ ಚುರುಕನ್ನು ಅಳೆಯಲು ಸರಳ ಸಾಧನಗಳಿವೆ. ಗಡಿಯಾರದ ಚಿತ್ರ ಬರೆದು ನಿರ್ದಿಷ್ಟ ಸಮಯ ತೋರಿಸುವಂತೆ ಹೇಳುವುದು ಒಂದು. ಹಾಳೆಯ ಮೇಲೆ ಚದುರಿದ ಅಂಕಿ ಮತ್ತು ಅಕ್ಷರಗಳನ್ನು ಒಂದರ ನಂತರ ಒಂದರಂತೆ ಗೆರೆ ಎಳೆದು ಜೋಡಿಸುವುದು ಮತ್ತೊಂದು. ಕನ್ನಡದಲ್ಲಿ ಹೇಳುವುದಾದರೆ 1ರಿಂದ ಅ, ಅಲ್ಲಿಂದ 2, ಅಲ್ಲಿಂದ ಆ ಎಂಬ ಕ್ರಮ. ಅಮೆರಿಕದ ವೈದ್ಯರಿಗಾಗಿ ರೂಪಿಸಿದ ಮಾರ್ಗದರ್ಶಿಯಲ್ಲಿ ಈ ಪರೀಕ್ಷೆಗೆ 3 ನಿಮಿಷಕ್ಕಿಂತ ಹೆಚ್ಚು ಸಮಯ ಹಿಡಿದರೆ ಮುಂದಿನ ಹಂತದ ಮೌಲ್ಯಮಾಪನ ಅಗತ್ಯ ಎಂದು ಸೂಚಿಸಲಾಗಿದೆ.

ಒಂದೇ ನೋಟದಲ್ಲಿ ಎಷ್ಟು ವಿಸ್ತಾರದ ಮಾಹಿತಿಯನ್ನು ಗ್ರಹಿಸಬಲ್ಲರು ಎಂಬುದನ್ನು ಕಂಪ್ಯೂಟರ್ ಮೂಲಕ ಅಳೆಯುವ ವಿಧಾನವೂ ಇದೆ. 1998ರಲ್ಲಿ ಪ್ರಕಟವಾದ ಅಲಬಾಮಾ ರಾಜ್ಯದ ಅಧ್ಯಯನದಲ್ಲಿ, ಈ ಸಾಮರ್ಥ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಕುಂದಿದ್ದ ಹಿರಿಯ ಚಾಲಕರು ಮುಂದಿನ ಮೂರು ವರ್ಷಗಳಲ್ಲಿ ಅಪಘಾತಕ್ಕೀಡಾಗುವ ಸಂಭವ ಇತರರಿಗಿಂತ 2.2 ಪಟ್ಟು ಹೆಚ್ಚಾಗಿತ್ತು.

ಕೊನೆಯ ಮೆಟ್ಟಿಲು ರಸ್ತೆ ಪರೀಕ್ಷೆ. ತರಬೇತುದಾರರ ಬಳಿಯೂ ಬ್ರೇಕ್ ಇರುವ ಕಾರಿನಲ್ಲಿ, ನಿಜವಾದ ಸಂಚಾರದ ನಡುವೆ ಇದನ್ನು ನಡೆಸಲಾಗುತ್ತದೆ. ಮರೆವಿನ ಕಾಯಿಲೆಯ ಆರಂಭಿಕ ಹಂತದಲ್ಲಿರುವ ಕೆಲವರು ಈ ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದುಂಟು. ಅಂತಹವರನ್ನು ಸುಮಾರು ಆರು ತಿಂಗಳಿಗೊಮ್ಮೆ ಮರುಪರೀಕ್ಷಿಸುವ ಪದ್ಧತಿ ಇದೆ. ಕಾಯಿಲೆ ಮಧ್ಯಮ ಹಂತ ತಲುಪಿದ ನಂತರ ಚಾಲನೆ ಸಲ್ಲದು ಎಂಬುದರಲ್ಲಿ ತಜ್ಞರ ನಡುವೆ ಭಿನ್ನಾಭಿಪ್ರಾಯವಿಲ್ಲ.

ಕಾಗದದ ಪರೀಕ್ಷೆಯ ಮಿತಿ

ರಸ್ತೆ ಪರೀಕ್ಷೆ ಇಲ್ಲದೆ ಕಾಗದದ ಪರೀಕ್ಷೆಯೊಂದರಿಂದಲೇ ಪರವಾನಗಿ ರದ್ದುಪಡಿಸುವುದು ಏಕೆ ಸರಿಯಲ್ಲ ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಉದಾಹರಣೆಗೆ 1,000 ಹಿರಿಯ ಚಾಲಕರಲ್ಲಿ 50 ಮಂದಿ ನಿಜಕ್ಕೂ ಅನರ್ಹರು ಎಂದು ಭಾವಿಸೋಣ. ಅನರ್ಹರಲ್ಲಿ ಶೇ 80ರಷ್ಟನ್ನು ಪತ್ತೆ ಹಚ್ಚುವ, ಅರ್ಹರಲ್ಲಿ ಶೇ 80ರಷ್ಟನ್ನು ಅರ್ಹರೆಂದೇ ಗುರುತಿಸುವ ಉತ್ತಮ ಪರೀಕ್ಷೆ ಕೈಯಲ್ಲಿದೆ ಎಂದಿಟ್ಟುಕೊಳ್ಳೋಣ. ಆ ಪರೀಕ್ಷೆ 50 ಅನರ್ಹರಲ್ಲಿ 40 ಮಂದಿಯನ್ನು ಹಿಡಿಯುತ್ತದೆ, 10 ಮಂದಿ ನುಸುಳಿಕೊಳ್ಳುತ್ತಾರೆ. ಉಳಿದ 950 ಅರ್ಹರಲ್ಲಿ 190 ಮಂದಿಗೆ ಅನರ್ಹರೆಂಬ ಹಣೆಪಟ್ಟಿ ತಪ್ಪಾಗಿ ಅಂಟುತ್ತದೆ. ಒಟ್ಟು 230 ಮಂದಿಯ ಪರವಾನಗಿ ರದ್ದಾದರೆ ಅವರಲ್ಲಿ ನಿಜಕ್ಕೂ ಅಪಾಯಕಾರಿಯಾದವರು 40 ಮಾತ್ರ.

ಆದ್ದರಿಂದಲೇ ಕಾಗದದ ಪರೀಕ್ಷೆ ಮುಂದಿನ ಮೆಟ್ಟಿಲಿಗೆ ಯಾರನ್ನು ಕಳುಹಿಸಬೇಕು ಎಂಬುದನ್ನು ಮಾತ್ರ ಹೇಳಬೇಕು; ಅಂತಿಮ ತೀರ್ಪು ರಸ್ತೆಯ ಮೇಲೆ ಆಗಬೇಕು ಎಂಬುದು ಈ ಕ್ಷೇತ್ರದಲ್ಲಿ ಬಹುತೇಕ ಒಪ್ಪಿತ ಅಭಿಪ್ರಾಯ.

ಜಪಾನಿನ ಪ್ರಯೋಗ

ಈ ವಿಷಯದಲ್ಲಿ ಅತ್ಯಂತ ವ್ಯಾಪಕ ಪ್ರಯೋಗ ನಡೆಸಿರುವ ದೇಶ ಜಪಾನ್. ಅಲ್ಲಿನ ಜನಸಂಖ್ಯೆಯಲ್ಲಿ 65 ವರ್ಷ ಮೇಲ್ಪಟ್ಟವರೇ ಸುಮಾರು ಶೇ 29ರಷ್ಟಿದ್ದಾರೆ. 70 ದಾಟಿದವರು ನವೀಕರಣಕ್ಕೆ ಮೊದಲು ವಿಶೇಷ ತರಬೇತಿ ತರಗತಿಗೆ ಹಾಜರಾಗಬೇಕು. 2009ರಿಂದ 75 ದಾಟಿದವರಿಗೆ ಗ್ರಹಣಶಕ್ತಿಯ ಪರೀಕ್ಷೆ ಕಡ್ಡಾಯ. ಆ ದಿನದ ದಿನಾಂಕ, ವಾರ, ಸಮಯ ಹೇಳುವುದು, ತೋರಿಸಿದ 16 ಚಿತ್ರಗಳನ್ನು ಸ್ವಲ್ಪ ಹೊತ್ತಿನ ನಂತರ ನೆನಪಿಸಿಕೊಳ್ಳುವುದು ಇದರ ಮುಖ್ಯ ಭಾಗ. 2017ರ ಮಾರ್ಚ್‌ನಿಂದ ನಿಯಮ ಬಿಗಿಯಾಯಿತು. ಪರೀಕ್ಷೆಯಲ್ಲಿ ಮರೆವಿನ ಕಾಯಿಲೆಯ ಶಂಕೆ ಕಂಡುಬಂದವರೆಲ್ಲರೂ ವೈದ್ಯರಿಂದ ತಪಾಸಣೆಗೆ ಒಳಗಾಗಬೇಕು. ಕಾಯಿಲೆ ಖಚಿತವಾದರೆ ಪರವಾನಗಿ ರದ್ದು ಅಥವಾ ಅಮಾನತು.

2019ರ ಏಪ್ರಿಲ್‌ನಲ್ಲಿ ಟೋಕಿಯೊದ ಇಕೆಬುಕುರೊ ಪ್ರದೇಶದಲ್ಲಿ 87 ವರ್ಷದ ಚಾಲಕನೊಬ್ಬನ ಕಾರು ನುಗ್ಗಿ ತಾಯಿ ಮತ್ತು ಆಕೆಯ 3 ವರ್ಷದ ಮಗಳು ಮೃತಪಟ್ಟರು. ಬ್ರೇಕ್ ಎಂದು ಭಾವಿಸಿ ಆಕ್ಸಿಲರೇಟರ್ ಒತ್ತಿದ್ದೇ ಕಾರಣ ಎಂದು ನ್ಯಾಯಾಲಯ ನಿರ್ಣಯಿಸಿ 2021ರಲ್ಲಿ ಆತನಿಗೆ 5 ವರ್ಷಗಳ ಸೆರೆವಾಸ ವಿಧಿಸಿತು. ಈ ದುರಂತ ದೇಶವನ್ನೇ ಅಲುಗಿಸಿತು. ಅದೇ ವರ್ಷ 6 ಲಕ್ಷಕ್ಕೂ ಹೆಚ್ಚು ಜನ ಸ್ವಯಂಪ್ರೇರಿತರಾಗಿ ಪರವಾನಗಿ ಹಿಂದಿರುಗಿಸಿದರು. 2022ರ ಮೇ ತಿಂಗಳಿನಿಂದ, ನಿರ್ದಿಷ್ಟ ಸಂಚಾರ ನಿಯಮ ಉಲ್ಲಂಘಿಸಿದ 75 ದಾಟಿದ ಚಾಲಕರಿಗೆ ಚಾಲನಾ ಪರೀಕ್ಷೆ ಕಡ್ಡಾಯವಾಯಿತು. ತಾನಾಗಿಯೇ ಬ್ರೇಕ್ ಹಾಕುವಂತಹ ಸುರಕ್ಷಾ ಸಾಧನಗಳಿರುವ ಕಾರುಗಳಿಗಷ್ಟೇ ಸೀಮಿತವಾದ ಪರವಾನಗಿಯೂ ಆಗಲೇ ಜಾರಿಗೆ ಬಂತು.

ಪರವಾನಗಿ ಹಿಂದಿರುಗಿಸಿದವರಿಗೆ ಅಲ್ಲಿ ಚಾಲನಾ ಇತಿಹಾಸದ ಪ್ರಮಾಣಪತ್ರ ದೊರೆಯುತ್ತದೆ. ಗುರುತಿನ ಚೀಟಿಯಾಗಿ ಬಳಕೆಯಾಗುವ ಅದನ್ನು ತೋರಿಸಿದರೆ ಹಲವು ಊರುಗಳಲ್ಲಿ ಬಸ್ಸು ಮತ್ತು ಟ್ಯಾಕ್ಸಿ ದರದಲ್ಲಿ ರಿಯಾಯಿತಿ ಸಿಗುತ್ತದೆ.

ಫಲಿತಾಂಶ ಮಾತ್ರ ಮಿಶ್ರ. 2012ರಿಂದ 2019ರವರೆಗಿನ ಪೊಲೀಸ್ ದಾಖಲೆಗಳನ್ನು ಆಧರಿಸಿ ಜಪಾನಿನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2017ರ ನಿಯಮದ ನಂತರ ಹಿರಿಯ ಚಾಲಕರ ಕಾರು ಅಪಘಾತಗಳು ಇಳಿದವು. ಅದೇ ವೇಳೆಗೆ, ನಡೆದು ಹೋಗುವಾಗ ಮತ್ತು ಸೈಕಲ್ ತುಳಿಯುವಾಗ ಗಾಯಗೊಂಡ ಹಿರಿಯರ ಪ್ರಮಾಣ ಏರಿತು.

ಯುರೋಪ್, ಆಸ್ಟ್ರೇಲಿಯಾ, ಅಮೆರಿಕ

ಡೆನ್ಮಾರ್ಕಿನ ಅನುಭವವೂ ಇದೇ ಬಗೆಯದು. ಅಲ್ಲಿ 2006ರಲ್ಲಿ 70 ದಾಟಿದವರ ನವೀಕರಣಕ್ಕೆ ಗ್ರಹಣಶಕ್ತಿಯ ಪರೀಕ್ಷೆ ಸೇರಿಸಲಾಯಿತು. 2012ರಲ್ಲಿ ಪ್ರಕಟವಾದ ಅಧ್ಯಯನ, ಮಾರಣಾಂತಿಕ ಅಪಘಾತಕ್ಕೀಡಾದ ಹಿರಿಯ ಚಾಲಕರ ಸಂಖ್ಯೆಯಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಪಾದಚಾರಿಗಳು ಮತ್ತು ಸೈಕಲ್ ಸವಾರರಾಗಿದ್ದ ಹಿರಿಯರ ಸಾವು ಹೆಚ್ಚಿತು ಎಂದು ತಿಳಿಸಿತು. 2017ರಲ್ಲಿ ಡೆನ್ಮಾರ್ಕ್ ವಯಸ್ಸನ್ನು ಆಧರಿಸಿದ ನವೀಕರಣವನ್ನೇ ಕೈಬಿಟ್ಟಿತು. 70ರ ನಂತರ ವೈದ್ಯಕೀಯ ತಪಾಸಣೆ ಇದ್ದ ಫಿನ್ಲೆಂಡ್ ಮತ್ತು ಅದು ಇಲ್ಲದ ಸ್ವೀಡನ್ ದೇಶಗಳನ್ನು ಹೋಲಿಸಿದ 1996ರ ಅಧ್ಯಯನವೂ ತಪಾಸಣೆಯಿಂದ ಸುರಕ್ಷತೆಯ ಲಾಭ ಕಂಡಿರಲಿಲ್ಲ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 75ರಿಂದ ಪ್ರತಿ ವರ್ಷ ವೈದ್ಯಕೀಯ ತಪಾಸಣೆ ಇದೆ. 85ರಿಂದ ಎರಡು ವರ್ಷಕ್ಕೊಮ್ಮೆ ರಸ್ತೆ ಪರೀಕ್ಷೆ ಎದುರಿಸಬೇಕು. ಪರೀಕ್ಷೆ ಬೇಡವೆನ್ನುವವರು ಮನೆಯ ಸುತ್ತಮುತ್ತಲಿನ ಪ್ರದೇಶಕ್ಕೆ ಸೀಮಿತವಾದ ಪರವಾನಗಿ ಪಡೆಯಬಹುದು. ಇಂತಹ ಪರೀಕ್ಷೆ ಇದ್ದ ಸಿಡ್ನಿ ಮತ್ತು ಇಲ್ಲದಿದ್ದ ಮೆಲ್ಬರ್ನ್ ನಗರಗಳನ್ನು ಹೋಲಿಸಿದ 2004ರ ಅಧ್ಯಯನದಲ್ಲಿ ಸಿಡ್ನಿಯ ಹಿರಿಯ ಚಾಲಕರು ಹೆಚ್ಚು ಸುರಕ್ಷಿತ ಎಂಬುದಕ್ಕೆ ಪುರಾವೆ ದೊರೆಯಲಿಲ್ಲ.

ಅಮೆರಿಕದಲ್ಲಿ ವಯಸ್ಸಿನ ಕಾರಣಕ್ಕೆ ರಸ್ತೆ ಪರೀಕ್ಷೆ ಕಡ್ಡಾಯಗೊಳಿಸಿದ ಏಕೈಕ ರಾಜ್ಯ ಇಲಿನಾಯ್. ಅಲ್ಲಿ 79 ಇದ್ದ ಗಡಿಯನ್ನು 2026ರ ಜುಲೈ 1ರಿಂದ 87ಕ್ಕೆ ಏರಿಸುವ ಕಾನೂನು 2025ರಲ್ಲಿ ಅಂಗೀಕಾರವಾಯಿತು. ಚಾಲಕರ ಸ್ಥಿತಿಯ ಬಗ್ಗೆ ಹತ್ತಿರದ ಕುಟುಂಬ ಸದಸ್ಯರೇ ಇಲಾಖೆಗೆ ತಿಳಿಸುವ ಅವಕಾಶವನ್ನೂ ಅದೇ ಕಾನೂನು ನೀಡಿದೆ. ವಯಸ್ಸಿನ ಗಡಿ ಸಡಿಲಿಸಿ, ಲಕ್ಷಣ ಕಂಡವರ ಮೇಲೆ ಗಮನ ಹರಿಸುವ ಪ್ರಯತ್ನವಿದು.

ಬ್ರಿಟನ್ನಿನಲ್ಲಿ 70ರ ನಂತರ ಮೂರು ವರ್ಷಕ್ಕೊಮ್ಮೆ ನವೀಕರಣ. ಅದು ಬಹುಕಾಲದಿಂದ ಸ್ವಯಂ ಘೋಷಣೆಯನ್ನೇ ನಂಬಿಕೊಂಡು ಬಂದ ಪದ್ಧತಿ. 2019ರ ಜನವರಿಯಲ್ಲಿ ರಾಣಿ ಎರಡನೇ ಎಲಿಜಬೆತ್ ಅವರ ಪತಿ ಪ್ರಿನ್ಸ್ ಫಿಲಿಪ್ 97ನೇ ವಯಸ್ಸಿನಲ್ಲಿ ತಾವೇ ಕಾರು ಓಡಿಸುತ್ತಿದ್ದಾಗ ಅಪಘಾತಕ್ಕೀಡಾದರು. ಇನ್ನೊಂದು ಕಾರಿನಲ್ಲಿದ್ದ ಮಹಿಳೆಯರು ಗಾಯಗೊಂಡರು. ಇಳಿಬಿಸಿಲು ಕಣ್ಣಿಗೆ ಹೊಡೆದಿದ್ದಾಗಿ ಅವರು ಕ್ಷಮಾಪಣಾ ಪತ್ರದಲ್ಲಿ ತಿಳಿಸಿ, ಮರುತಿಂಗಳೇ ಪರವಾನಗಿ ಒಪ್ಪಿಸಿದರು.

ಕೀಲಿಕೈ ಬಿಟ್ಟ ನಂತರ

ಚಾಲನೆ ನಿಲ್ಲಿಸಿದವರ ಬದುಕು ಏನಾಗುತ್ತದೆ ಎಂಬುದು ತಪಾಸಣೆಯ ಚರ್ಚೆಯಲ್ಲಿ ಮರೆಯಾಗುವ ಪ್ರಶ್ನೆ. ಚಾಲನೆ ನಿಲ್ಲಿಸಿದ ಹಿರಿಯರಲ್ಲಿ ಖಿನ್ನತೆಯ ಲಕ್ಷಣಗಳ ಸಂಭವ ಸುಮಾರು ಇಮ್ಮಡಿಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿದ 2016ರ ವಿಶ್ಲೇಷಣೆ ಹೇಳಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಚಾಲನೆಗೆ ಅನರ್ಹರಾಗಿರಬಹುದೆಂದು ವೈದ್ಯರಿಂದ ಎಚ್ಚರಿಕೆ ಪಡೆದ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಎಚ್ಚರಿಕೆಯ ನಂತರ ಅವರು ಚಾಲಕರಾಗಿ ಗಂಭೀರ ಅಪಘಾತಕ್ಕೀಡಾಗುವ ಪ್ರಮಾಣ ಶೇ 45ರಷ್ಟು ಇಳಿಯಿತು. ಖಿನ್ನತೆಗಾಗಿ ತುರ್ತು ಚಿಕಿತ್ಸೆ ಪಡೆಯುವವರು ಹೆಚ್ಚಾದರು. ಎಚ್ಚರಿಸಿದ ವೈದ್ಯರ ಬಳಿಗೆ ಮತ್ತೆ ಹೋಗುವವರು ಕಡಿಮೆಯಾದರು. ಒಂದು ಮಾತು ಜೀವ ಉಳಿಸಿತು, ಅದೇ ಮಾತು ವೈದ್ಯ ಮತ್ತು ರೋಗಿಯ ನಂಟನ್ನೂ ಕದಡಿತು.

ತಪಾಸಣೆಯಲ್ಲಿ ಕಂಡ ದೋಷವೆಲ್ಲ ಚಾಲನೆಯ ಅಂತ್ಯವಾಗಬೇಕಿಲ್ಲ ಎಂಬುದೂ ಅಷ್ಟೇ ಮುಖ್ಯ. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಿರಿಯ ಚಾಲಕರ ಅಪಘಾತ ಪ್ರಮಾಣ, ಪೊರೆಯಿದ್ದೂ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರಿಗೆ ಹೋಲಿಸಿದರೆ ಅರ್ಧದಷ್ಟಿತ್ತು. ಔಷಧ ಬದಲಾವಣೆ, ಹೊಸ ಕನ್ನಡಕ, ಕತ್ತಿನ ವ್ಯಾಯಾಮ, ಅಗಲವಾದ ಕನ್ನಡಿ, ರಾತ್ರಿ ಚಾಲನೆ ಕೈಬಿಡುವುದು ಮೊದಲಾದ ಕ್ರಮಗಳಿಂದ ಹಲವರು ಇನ್ನೂ ಕೆಲವು ವರ್ಷ ಸುರಕ್ಷಿತವಾಗಿ ಚಲಾಯಿಸಬಲ್ಲರು.

ಕರ್ನಾಟಕದ ನಗರಗಳಲ್ಲಿ ಹಿರಿಯರ ವಾಹನ ಬಹುಪಾಲು ಸ್ಕೂಟರ್ ಎಂಬುದನ್ನು ಗಮನಿಸಬೇಕು. ವಿದೇಶಗಳ ತಪಾಸಣೆಗಳೆಲ್ಲವೂ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿತವಾದವು. ದ್ವಿಚಕ್ರ ವಾಹನಕ್ಕೆ ದೇಹದ ಸಮತೋಲನ, ವಾಹನ ನಿಂತಾಗ ಕಾಲೂರುವ ಬಲ, ಉಬ್ಬುತಗ್ಗುಗಳನ್ನು ತಾಳುವ ಮಣಿಕಟ್ಟು ಬೇಕು. ಕಾರಿನ ಬಾಗಿಲಿಗೆ ಗೆರೆ ಬೀಳಿಸುವಷ್ಟು ಸಣ್ಣ ತಾಗುವಿಕೆ ಸ್ಕೂಟರಿನಲ್ಲಿ ಸೊಂಟದ ಮೂಳೆ ಮುರಿತಕ್ಕೆ ಕಾರಣವಾಗಬಹುದು.

ರಾಜ್ಯದ ಸಾರಿಗೆ ನಿಗಮಗಳ ಬಸ್ಸುಗಳಲ್ಲಿ 60 ದಾಟಿದವರಿಗೆ ಶೇ 25ರಷ್ಟು ರಿಯಾಯಿತಿ ಇದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಪ್ರಯಾಣ ಉಚಿತ. ಆದರೆ ಬಸ್ಸಿನ ಎತ್ತರದ ಮೆಟ್ಟಿಲು, ಒಡೆದ ಪಾದಚಾರಿ ಮಾರ್ಗ, ನಿಲ್ದಾಣದವರೆಗಿನ ದಾರಿ ಇವುಗಳನ್ನು ಟಿಕೆಟ್ ದರ ಸರಿಪಡಿಸುವುದಿಲ್ಲ. ಜಪಾನ್ ಮತ್ತು ಡೆನ್ಮಾರ್ಕಿನಂತಹ ವ್ಯವಸ್ಥಿತ ರಸ್ತೆಗಳಲ್ಲಿಯೇ ಚಾಲನೆ ಬಿಟ್ಟ ಹಿರಿಯರು ಕಾಲ್ನಡಿಗೆಯಲ್ಲಿ ಗಾಯಗೊಂಡಿರುವಾಗ, ಪಾದಚಾರಿಗಳ ಸಾವು ಇಷ್ಟು ಅಧಿಕವಾಗಿರುವ ನಮ್ಮ ದೇಶದಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು.

ಮನೆಯವರು ಗಮನಿಸಬೇಕಾದ ಲಕ್ಷಣಗಳು

ಐದು ವರ್ಷಕ್ಕೊಮ್ಮೆ ಬರುವ ನವೀಕರಣಕ್ಕಿಂತ ಮೊದಲೇ ಬದಲಾವಣೆ ಕಾಣುವುದು ಮನೆಯವರಿಗೆ. ತಜ್ಞರು ಸಾಮಾನ್ಯವಾಗಿ ಹೇಳುವ ಲಕ್ಷಣಗಳಿವು:

* ವಾಹನದ ಮೇಲೆ ಹೊಸ ಹೊಸ ಗೀರು, ತಗ್ಗುಗಳು. ಗೇಟು ಮತ್ತು ಗೋಡೆಗೆ ಪದೇ ಪದೇ ತಾಗುವುದು.
* ಪರಿಚಿತ ದಾರಿಯಲ್ಲಿ ತಪ್ಪಿಸಿಕೊಳ್ಳುವುದು, ಹೋದ ಕೆಲಸಕ್ಕೆ ವಿಪರೀತ ತಡವಾಗುವುದು.
* ಬ್ರೇಕ್ ಮತ್ತು ಆಕ್ಸಿಲರೇಟರ್ ನಡುವೆ ಗೊಂದಲ.
* ಸಿಗ್ನಲ್, ಏಕಮುಖ ಸಂಚಾರದ ಫಲಕಗಳನ್ನು ಗಮನಿಸದಿರುವುದು.
* ಕಾರಣವಿಲ್ಲದೆ ಅತಿ ನಿಧಾನವಾಗಿ ಚಲಾಯಿಸುವುದು, ಹಸಿರು ದೀಪದಲ್ಲೂ ನಿಲ್ಲಿಸುವುದು.
* ಮೊಮ್ಮಕ್ಕಳನ್ನು ಆ ವಾಹನದಲ್ಲಿ ಕಳುಹಿಸಲು ಮನೆಯವರೇ ಹಿಂಜರಿಯುವುದು.

ಇವುಗಳಲ್ಲಿ ಒಂದೆರಡು ಪದೇ ಪದೇ ಕಂಡುಬಂದರೆ ಮೊದಲು ಕಣ್ಣಿನ ವೈದ್ಯರು ಮತ್ತು ಸೇವಿಸುತ್ತಿರುವ ಔಷಧಗಳನ್ನು ಬಲ್ಲ ವೈದ್ಯರನ್ನು ಕಾಣುವುದು ಒಳ್ಳೆಯದು. ನೆನಪು ಮತ್ತು ಗಮನದ ತೊಂದರೆಯ ಮೌಲ್ಯಮಾಪನಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವಿಶೇಷ ಚಿಕಿತ್ಸಾಲಯವಿದೆ. ಹಿರಿಯ ನಾಗರಿಕರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567.

ಕೀಲಿಕೈ ಬಚ್ಚಿಡುವುದು, ವಾಹನ ಕೆಟ್ಟಿದೆ ಎಂದು ಸುಳ್ಳು ಹೇಳುವುದು ಹಲವು ಮನೆಗಳಲ್ಲಿ ನಡೆಯುವ ಉಪಾಯ. ಅದು ಅನುಮಾನ ಮತ್ತು ಅವಮಾನವನ್ನಷ್ಟೇ ಬೆಳೆಸುತ್ತದೆ. ವಾರಕ್ಕೆ ಎಷ್ಟು ಬಾರಿ, ಎಲ್ಲಿಗೆ, ಯಾವ ಹೊತ್ತಿನಲ್ಲಿ ಹೋಗಬೇಕಾಗುತ್ತದೆ ಎಂಬ ಪಟ್ಟಿಯನ್ನು ಹಿರಿಯರೊಂದಿಗೆ ಕುಳಿತು ತಯಾರಿಸಿ, ಅವುಗಳಲ್ಲಿ ಯಾವುದಕ್ಕೆ ಆಟೊ, ಯಾವುದಕ್ಕೆ ಬಸ್ಸು, ಯಾವುದಕ್ಕೆ ಮನೆಯವರ ಜೊತೆ ಎಂಬುದನ್ನು ಮೊದಲೇ ನಿಗದಿ ಮಾಡಿದರೆ ಚಾಲನೆಯಿಂದ ಹಂತಹಂತವಾಗಿ ಹಿಂದೆ ಸರಿಯುವುದು ಸುಲಭವಾಗುತ್ತದೆ. ರಾತ್ರಿ ಚಾಲನೆ ಮೊದಲು ನಿಲ್ಲಬೇಕು, ನಂತರ ಹೆದ್ದಾರಿ, ನಂತರ ಜನದಟ್ಟಣೆಯ ಹೊತ್ತು.

ಪರವಾನಗಿಯ ಕಾರ್ಡಿನ ಮೇಲೆ ಮುದ್ರಿತವಾಗಿರುವ ದಿನಾಂಕ ಅದರ ಊರ್ಜಿತ ಅವಧಿಯನ್ನು ಹೇಳುತ್ತದೆ. ಚಾಲಕರ ಸಾಮರ್ಥ್ಯದ ಅವಧಿ ಅದಕ್ಕಿಂತ ಮೊದಲೇ ಮುಗಿಯಬಹುದು, ಅದನ್ನು ದಾಟಿ ಹಲವು ವರ್ಷ ಉಳಿಯಲೂಬಹುದು. ಆ ವ್ಯತ್ಯಾಸವನ್ನು ನ್ಯಾಯವಾಗಿ ಗುರುತಿಸುವ ಮೆಟ್ಟಿಲುಗಳು ನಮ್ಮ ನಮೂನೆಗಳಲ್ಲಿ ಇನ್ನೂ ಮೂಡಬೇಕಾಗಿವೆ.